ಪಕ್ಕವಾದ್ಯ ಇಲ್ಲದ ಕಚೇರಿ

ಕೇಳುಗರಿಗೆ ನಮಸ್ಕಾರ.

ರೇಡಿಯೋದಲ್ಲಿ ಒಂದು ಹಾಡು ಬರುತ್ತಿದೆ ಅಂದುಕೊಳ್ಳಿ. ಕೆಳಗೆ ಬೇಸ್ ಗಿಟಾರ್ ಗುಂಯ್ ಅನ್ನುತ್ತಿದೆ, ಡ್ರಮ್ ಬಡಿಯುತ್ತಿದೆ, ನಡುವೆ ಕೀಬೋರ್ಡಿನ ಹಾಗೆ ಸ್ವರಗಳು ಹಾಸಿಕೊಂಡಿವೆ, ಮೇಲೆ ಒಬ್ಬಾಕೆಯ ಹಾಡು. ಮುಗಿದ ಮೇಲೆ ನಾನು ಬಂದು, ‘ಇದರಲ್ಲಿ ವಾದ್ಯವೇ ಇರಲಿಲ್ಲ, ಐದು ಜನರ ಬಾಯಿ ಅಷ್ಟೆ’ ಎಂದರೆ ನೀವು ನಂಬುತ್ತೀರಾ? ಟಿವಿಯಲ್ಲಾದರೆ ಕೈಯಲ್ಲಿ ಮೈಕು ಬಿಟ್ಟು ಬೇರೇನೂ ಇಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ. ಬರೀ ಕಿವಿಗೆ ಸೇರಿದ ಈ ಕಲೆಗೆ ಕೊನೆಗೆ ಸಾಕ್ಷಿ ಹೇಳಿದ್ದು ಟಿವಿ. ರೇಡಿಯೋದವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ಹಾಗೆ ಸಾಕ್ಷಿ ಹೇಳಿದ ಆ ಹಾಡಿನ ಸ್ಪರ್ಧೆಯ ಹೆಸರು ‘ದಿ ಸಿಂಗ್ ಆಫ್’. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2009ರ ಡಿಸೆಂಬರ್‌ನಲ್ಲಿ ಶುರುವಾಯಿತು. ವಾದ್ಯವಿಲ್ಲದೆ ಹಾಡುವುದಕ್ಕೆ ಅಲ್ಲಿನವರು ‘ಅ ಕಪೆಲ್ಲಾ’ ಅನ್ನುತ್ತಾರೆ. ಇಟಲಿಯ ಮಾತು ಅದು, ಪ್ರಾರ್ಥನಾ ಮಂದಿರದಲ್ಲಿ ಹಾಡುವ ಹಾಗೆ ಎಂದು ಅರ್ಥ. ಈಗ ಪ್ರಾರ್ಥನೆಗೂ ಅದಕ್ಕೂ ನಂಟು ಉಳಿದಿರಬೇಕೆಂದೇನಿಲ್ಲ. ಅಮೆರಿಕದಲ್ಲಿ ಇದು ಬೆಳೆದಿದ್ದು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಅಂಗಳದಲ್ಲಿ. ಯೇಲ್ ವಿಶ್ವವಿದ್ಯಾಲಯದ ‘ವಿಫೆನ್‌ಪೂಫ್ಸ್’ ತಂಡ ಹುಟ್ಟಿದ್ದು 1909ರಲ್ಲಿ. ನೂರು ವರ್ಷ ದಾಟಿದ ಮೇಲೆ, 2010ರಲ್ಲಿ, ಅದೇ ತಂಡದ ಹುಡುಗರು ಈ ಸ್ಪರ್ಧೆಗೂ ಬಂದು ನಿಂತರು.

ಮೊದಲ ಸಲ ಎಂಟು ತಂಡಗಳು. ಗೆದ್ದದ್ದು ಪೋರ್ಟೊರಿಕೊದಿಂದ ಬಂದ ‘ನೋಟಾ’. ಬಹುಮಾನ ಒಂದು ಲಕ್ಷ ಡಾಲರ್, ಜೊತೆಗೆ ಹಾಡುಗಳ ಧ್ವನಿಮುದ್ರಣಕ್ಕೆ ಒಂದು ಒಪ್ಪಂದ. ಮರುವರ್ಷ ‘ಕಮಿಟೆಡ್’ ಎಂಬ ತಂಡ ಗೆದ್ದಿತು. ತೀರ್ಪುಗಾರರಲ್ಲಿ ಒಬ್ಬರು ಬೆನ್ ಫೋಲ್ಡ್ಸ್, ಪಿಯಾನೊ ನುಡಿಸುವವರು. ವಿಶ್ವವಿದ್ಯಾಲಯದ ತಂಡಗಳಿಂದ ತಮ್ಮ ಹಾಡುಗಳನ್ನು ವಾದ್ಯವಿಲ್ಲದೆ ಹಾಡಿಸಿ 2009ರಲ್ಲಿ ಒಂದು ಆಲ್ಬಂ ಮಾಡಿದ್ದವರು. ಇನ್ನೊಬ್ಬರು ಶಾನ್ ಸ್ಟಾಕ್‌ಮನ್, ‘ಬಾಯ್ಸ್ ಟು ಮೆನ್’ ಗುಂಪಿನ ಗಾಯಕ. ಇಬ್ಬರಿಗೂ ಗುಂಪಿನಲ್ಲಿ ಹಾಡುವುದೆಂದರೇನು ಎಂದು ಗೊತ್ತಿತ್ತು. ಇಂಥ ಕಾರ್ಯಕ್ರಮಗಳಲ್ಲಿ ತೀರ್ಪುಗಾರರ ಕುರ್ಚಿಯಲ್ಲಿ ತಿಳಿದವರು ಕೂತಿರುವುದೇ ಒಂದು ಸುದ್ದಿ.

ಟಿವಿಯ ಹಾಡಿನ ಸ್ಪರ್ಧೆಗೆ ಯಾವಾಗಲೂ ಒಂದು ಮುಖ ಬೇಕು. ಒಬ್ಬನೇ ಹುಡುಗ, ಒಬ್ಬಳೇ ಹುಡುಗಿ, ಅವರ ಕಷ್ಟ, ಅವರ ಕಣ್ಣೀರು. ಈ ಕಲೆ ಕೇಳುವುದು ಅದಕ್ಕೆ ತದ್ವಿರುದ್ಧ. ನಿನ್ನ ದನಿ ಪಕ್ಕದವನ ದನಿಯೊಳಗೆ ಕರಗಲಿ, ಯಾರದ್ದು ಎಂದು ಗೊತ್ತಾಗದಿರಲಿ ಅನ್ನುತ್ತದೆ. ಇಬ್ಬರು ಅಕಾರ ಹಿಡಿದಾಗ ಒಬ್ಬನ ಬಾಯಿ ತುಸು ಹೆಚ್ಚು ತೆರೆದಿದ್ದರೂ ಸಾಕು, ಸ್ವರ ಒಂದೇ ಇದ್ದರೂ ಬಣ್ಣ ಬೇರೆಯಾಗಿ ಬಿರುಕು ಕೇಳಿಸುತ್ತದೆ. ಉದ್ದದ ಸ್ವರ ಹಿಡಿಯಬೇಕಾದಾಗ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರೆ ಕೆಟ್ಟಿತು. ಒಬ್ಬೊಬ್ಬರೇ ಕದ್ದು ಉಸಿರಾಡಬೇಕು, ಉಳಿದವರು ಆ ತೂತನ್ನು ಮುಚ್ಚಬೇಕು.

ಒಂದು ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪಿಯಾನೊ, ಹಾರ್ಮೋನಿಯಂಗಳ ಶ್ರುತಿ ಒಂದು ರಾಜಿ. ಯಾವ ಮನೆಯಿಂದ, ಅಂದರೆ ಯಾವ ಸ್ವರದ ಕೀಲಿಯಿಂದ, ಶುರು ಮಾಡಿದರೂ ನಡೆಯಲಿ ಎಂದು ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿರುತ್ತಾರೆ. ಹಾಗೆ ಹಂಚಿದಾಗ ಅಂತರ ಗಾಂಧಾರ, ಅಂದರೆ ‘ಗ’ಗಳಲ್ಲಿ ಎಲ್ಲಕ್ಕಿಂತ ಮೇಲಿನದು, ತನ್ನ ಸಹಜ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂರುತ್ತದೆ. ಷಡ್ಜ, ಅಂದರೆ ‘ಸ’, ನಾಲ್ಕು ಸಲ ಕಂಪಿಸುವಷ್ಟರಲ್ಲಿ ಸಹಜವಾದ ಗಾಂಧಾರ ಐದು ಸಲ ಕಂಪಿಸುತ್ತದೆ. ವಾದ್ಯದ ಹಂಗಿಲ್ಲದ ಗಾಯಕರು ಒಬ್ಬರನ್ನೊಬ್ಬರು ಕೇಳುತ್ತ ಕೇಳುತ್ತ ಆ ಜಾಗಕ್ಕೆ ತಾವೇ ಇಳಿದು ಕೂರಬಲ್ಲರು. ಕೂತ ಗಳಿಗೆ ಸ್ವರಗಳು ಒಮ್ಮೆಲೇ ಝೇಂಕರಿಸುತ್ತವೆ, ಯಾರೂ ಹಾಡದ ಇನ್ನೊಂದು ಸ್ವರ ಮೇಲಿನಿಂದ ಕೇಳಿಸಿದಂತಾಗುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಸ್ವಯಂಭು ಗಾಂಧಾರ ಕೇಳಿಸುತ್ತದಲ್ಲ, ಅದರ ಬಂಧುವೇ ಇದು. ನನಗೆ ಇಡೀ ಸ್ಪರ್ಧೆಗಿಂತ ಈ ಒಂದು ಗಳಿಗೆ ಹೆಚ್ಚು.

ಇದಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಹಿಡಿದು ನಿಲ್ಲಿಸುವ ವಾದ್ಯವಿಲ್ಲದ್ದರಿಂದ ಶ್ರುತಿ ಮೆಲ್ಲಗೆ ಜಾರುತ್ತದೆ. ಎಲ್ಲರೂ ಒಟ್ಟಿಗೆ ಜಾರಿದರೆ ಅವರಿಗೇ ತಿಳಿಯುವುದಿಲ್ಲ. ಹಾಡು ಮುಗಿದ ಮೇಲೆ ಶ್ರುತಿಯ ಪೀಪಿ ಊದಿ ನೋಡಿದಾಗಲೇ ಗೊತ್ತು, ಅರ್ಧ ಮನೆ ಕೆಳಗೆ ಬಂದಿದ್ದೇವೆ ಎಂದು.

ಹಾಗಾಗಿ ಈ ತಂಡಗಳನ್ನು ನೋಡುವಾಗ ನಡುವೆ ನಿಂತು ಹಾಡುವವರನ್ನು ಬಿಟ್ಟು ಪಕ್ಕದ ಇಬ್ಬರನ್ನು ಗಮನಿಸಿ. ಒಬ್ಬ ಮಂದ್ರದವನು. ತುಟಿಗೆ ತಾಗುವಷ್ಟು ಹತ್ತಿರ ಮೈಕು ಹಿಡಿದಿರುತ್ತಾನೆ. ಅದು ಠೀವಿಗಲ್ಲ. ಬಾಯಿ ಹತ್ತಿರವಾದಷ್ಟೂ ಅಂಥ ಮೈಕು ತಗ್ಗಿನ ದನಿಯನ್ನು ಉಬ್ಬಿಸಿ ಕೊಡುತ್ತದೆ. ಇನ್ನೊಬ್ಬ ಬಾಯಲ್ಲೇ ಡ್ರಮ್ ಬಾರಿಸುವವನು. ತುಟಿ ಸಿಡಿಸಿದರೆ ದೊಡ್ಡ ಡ್ರಮ್, ಹಲ್ಲಿನ ನಡುವೆ ‘ತ್ಸ್’ ಎಂದರೆ ತಾಳದ ತಟ್ಟೆ, ನಾಲಿಗೆಯ ಬುಡದಲ್ಲಿ ‘ಕ’ ಒಡೆದರೆ ಪಕ್ಕದ ಸಣ್ಣ ಡ್ರಮ್. ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕ್ಕೋಲು ಕೇಳಿದವರಿಗೆ ಬಾಯಿಯ ಲಯ ಹೊಸದಲ್ಲ. ಆದರೆ ಕೊನ್ನಕ್ಕೋಲಿನವರು ಸೊಲ್ಲು ಹೇಳುತ್ತಾರೆ, ಇವನು ಸೊಲ್ಲನ್ನೇ ಮರೆಮಾಡಿ ಬರೀ ಪೆಟ್ಟು ಕೇಳಿಸಬೇಕು.

2011ರಲ್ಲಿ ಹದಿನಾರು ತಂಡಗಳು ಬಂದವು, ಬಹುಮಾನವೂ ಎರಡು ಲಕ್ಷ ಡಾಲರಿಗೆ ಏರಿತು. ಗೆದ್ದವರು ‘ಪೆಂಟಾಟಾನಿಕ್ಸ್’. ಐದು ಸ್ವರಗಳ ಶ್ರೇಣಿ, ನಾವು ಔಡವ ಅನ್ನುತ್ತೇವಲ್ಲ, ಅದರ ಮೇಲೆ ಇಟ್ಟ ಹೆಸರು. ಐದು ಜನ ಇದ್ದರು, ಹೆಸರು ಸರಿಹೋಯಿತು. ಮೂವರು ಟೆಕ್ಸಾಸ್‌ನ ಶಾಲಾ ಗೆಳೆಯರು: ಸ್ಕಾಟ್ ಹೋಯಿಂಗ್, ಮಿಚ್ ಗ್ರಾಸಿ, ಕರ್ಸ್ಟಿನ್ ಮಾಲ್ಡೊನಾಡೊ. ಮೂವರಿಗೂ ಹಾಡು ಬರುತ್ತಿತ್ತು, ನೆಲ ಇರಲಿಲ್ಲ. ಮಂದ್ರಕ್ಕೆ ಅವಿ ಕಪ್ಲಾನ್ ಬಂದರು. ಲಯಕ್ಕೆ ಕೆವಿನ್ ಒಲುಸೋಲಾ, ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುತ್ತಲೇ ಬಾಯಲ್ಲಿ ಡ್ರಮ್ ಬಾರಿಸಬಲ್ಲ ಯೇಲ್‌ನ ಪದವೀಧರ. ಐವರೂ ಒಟ್ಟಿಗೆ ಸೇರಿದ್ದು ಆಯ್ಕೆಯ ಪರೀಕ್ಷೆಗೆ ಸ್ವಲ್ಪವೇ ಮುಂಚೆ. ಹತ್ತಾರು ಜನರ ಕಾಲೇಜು ತಂಡಗಳ ಎದುರು ಈ ಐವರು ಗೆದ್ದರು. ಐದೇ ಜನ ಇದ್ದರೆ ಅಡಗಲು ಜಾಗವಿಲ್ಲ, ಒಬ್ಬ ತಪ್ಪಿದರೆ ಐದನೇ ಒಂದು ಪಾಲು ಕುಸಿದಂತೆ. ಅದೇ ಅವರ ಬಲವೂ ಆಯಿತು.

ಮುಂದಿನ ಕಥೆ ವಿಚಿತ್ರ. ಗೆದ್ದಾಗ ಸಿಕ್ಕ ಧ್ವನಿಮುದ್ರಣದ ಒಪ್ಪಂದ ಹೆಚ್ಚು ದಿನ ಉಳಿಯಲಿಲ್ಲ, ಕಂಪನಿ ಕೈಬಿಟ್ಟಿತು. ಅವರು ಯೂಟ್ಯೂಬಿನಲ್ಲಿ ಹಾಡತೊಡಗಿದರು. ‘ಡಾಫ್ಟ್ ಪಂಕ್’ ಗುಂಪಿನ ಹಾಡುಗಳನ್ನು ಹೆಣೆದು 2013ರಲ್ಲಿ ಹೊರತಂದ ಒಂದು ಮಾಲೆಗೆ 2015ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಬಂತು. ಯಂತ್ರದ ಸಂಗೀತಕ್ಕೇ ಹೆಸರಾದವರ ಹಾಡು ಬರೀ ಬಾಯಿಂದ! ಅದೇ ವರ್ಷ ಅವರ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. 2017ರಲ್ಲಿ ಮಂದ್ರದ ಕಪ್ಲಾನ್ ತಂಡ ಬಿಟ್ಟರು, ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲೇಬೇಕಾಯಿತು.

ಅತ್ತ ಕಾರ್ಯಕ್ರಮ 2012ರಲ್ಲಿ ನಿಂತು, 2013ರ ಡಿಸೆಂಬರಿನಲ್ಲಿ ಮತ್ತೆ ಬಂದು, ಹಳ್ಳಿಗಾಡಿನ ಕಂಟ್ರಿ ಹಾಡುಗಳ ‘ಹೋಮ್ ಫ್ರೀ’ ತಂಡವನ್ನು ಗೆಲ್ಲಿಸಿತು. 2014ರಲ್ಲಿ ಒಂದೇ ಒಂದು ವಿಶೇಷ ಸಂಚಿಕೆ ಬಂತು, ಅಲ್ಲಿಗೆ ಮುಗಿಯಿತು.

ಆ ಕಾರ್ಯಕ್ರಮದಲ್ಲಿ ನನಗೆ ಬಹಳ ಹಿಡಿಸಿದ್ದ ಒಂದು ಪದ್ಧತಿ ಇತ್ತು. ಸೋತ ತಂಡವನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ಅಲ್ಲೇ ನಿಂತು ಒಂದು ವಿದಾಯದ ಹಾಡು ಹಾಡಿ ಹೋಗಬೇಕು. ಅಂಕವಿಲ್ಲ, ತೀರ್ಪಿಲ್ಲ. ಅಳು ಬಂದರೆ ಗಂಟಲು ಬಿಗಿಯುತ್ತದೆ, ನಡುವೆ ಹಾಡುವವರ ದನಿ ಒಮ್ಮೊಮ್ಮೆ ಒಡೆಯುತ್ತದೆ. ಅದನ್ನು ಜನ ಮೆಚ್ಚುತ್ತಾರೆ ಕೂಡ. ಮೂಲೆಯಲ್ಲಿ ಡ್ರಮ್ ಬಾರಿಸುವವನಿಗೆ ಮಾತ್ರ ಆ ಅನುಕೂಲವಿಲ್ಲ. ಅವನ ಉಸಿರಿಗೆ ಲೆಕ್ಕವಿದೆ, ಬಿಕ್ಕಿದರೆ ತಾಳ ತಪ್ಪುತ್ತದೆ. ಕೊನೆಯ ಸಾಲು ಮುಗಿಯುವವರೆಗೂ ಬಾರಿಸಿ, ಮೈಕು ಕೆಳಗಿಳಿಸಿದ ಮೇಲೆ ಅವನು ಕಣ್ಣೊರೆಸಿಕೊಳ್ಳಬೇಕು.