ಸೊಳ್ಳೆ ಹಿಡಿದ ಸೈನಿಕ ಊರಿಗೆ ಬಂದಾಗ

ಕೇಳುಗರಿಗೆಲ್ಲಾ ನಮಸ್ಕಾರ. ಮಿಲಿಟ್ರಿಯಿಂದ ರಿಟೈರ್ ಆಗಿ ಬಂದವನು ಅಂತ ಗೊತ್ತಾದರೆ ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ. ಬಾರ್ಡರ್‌ನಲ್ಲಿದ್ರಾ? ಕ್ಯಾಂಟೀನ್ ಕಾರ್ಡ್ ಇದೆಯಾ?

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ಹೆಲ್ತ್ ಅಸಿಸ್ಟೆಂಟ್ ಆಗಿದ್ದವನು. ಬಂದೂಕಿಗಿಂತ ಸ್ಪ್ರೇ ಪಂಪು ಹಿಡಿದದ್ದೇ ಜಾಸ್ತಿ. ಕ್ಯಾಂಪಿನ ನೀರು ಕುಡಿಯಲು ಯೋಗ್ಯವಾ, ಲಂಗರ್ ಅನ್ನೋ ಮಿಲಿಟ್ರಿ ಅಡುಗೆಮನೆಯಲ್ಲಿ ಅಡುಗೆ ಮಾಡುವವರ ಉಗುರು ಸ್ವಚ್ಛ ಇದೆಯಾ, ಚರಂಡಿಯಲ್ಲಿ ಮರಿ ಸೊಳ್ಳೆ ಇದೆಯಾ ಅಂತ ನೋಡುವುದು ನಮ್ಮ ಕೆಲಸ. ಜ್ವರ ಬಂದ ಮೇಲೆ ಡಾಕ್ಟರ್ ಬರುತ್ತಾರೆ, ಬಾರದ ಹಾಗೆ ನೋಡಿಕೊಳ್ಳುವವರು ನಾವು. ಹಾಗಾಗಿ ನಮ್ಮ ಕೆಲಸ ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಊರಿಗೆ ಬಂದು ಕೆಲಸ ಹುಡುಕುವಾಗ ಇದೇ ತೊಂದರೆ. ಒಂದು ಕಂಪನಿಯಲ್ಲಿ ನನ್ನ ಅರ್ಜಿ ಓದಿಯೂ ನೋಡದೆ, ನೈಟ್ ಶಿಫ್ಟ್ ಸೆಕ್ಯೂರಿಟಿಗೆ ಬರ್ತೀರಾ ಅಂದರು. ಆ ಕೆಲಸ ಕೀಳು ಅಂತಲ್ಲ. ಆದರೆ ಕಲಿತ ವಿದ್ಯೆ ಗೇಟಿನ ಹತ್ತಿರ ಕೂತು ತುಕ್ಕು ಹಿಡಿಯಬೇಕಾ?

ಯಾವ ವಿದ್ಯೆ ಅಂತೀರಾ? ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ಕಂಡುಹಿಡಿಯಲು ಹಾರಕ್ಸ್ ಪೆಟ್ಟಿಗೆ ಅಂತ ಒಂದಿದೆ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಗೆರೆವರೆಗೆ ನೀರು ತುಂಬಿಸಬೇಕು. ಬಿಳಿ ಬಟ್ಟಲುಗಳಿಗೆ ಪರೀಕ್ಷೆ ಮಾಡಬೇಕಾದ ನೀರು. ಮೊದಲನೆಯದಕ್ಕೆ ಆ ದ್ರಾವಣದ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಅರ್ಧ ಗಂಟೆ ಬಿಟ್ಟು ಸ್ಟಾರ್ಚ್ ಅಯೋಡೈಡ್ ಹಾಕಿದರೆ, ಕ್ಲೋರಿನ್ ಇನ್ನೂ ಉಳಿದಿರುವ ಬಟ್ಟಲು ನೀಲಿಯಾಗುತ್ತವೆ. ಮೊದಲು ನೀಲಿ ಕಂಡದ್ದು ಮೂರನೆಯದು ಅಂದುಕೊಳ್ಳಿ, ಆಗ ಮೂರೆರಡಲ ಆರು, 455 ಲೀಟರಿಗೆ 6 ಗ್ರಾಂ ಪೌಡರ್ ಸಾಕು. ನಮ್ಮ ಎಷ್ಟೋ ಊರಲ್ಲಿ ನೀರುಗಂಟಿ ಅಂದಾಜಿನ ಮೇಲೆ ಒಂದು ಬೊಗಸೆ ಟ್ಯಾಂಕಿಗೆ ಸುರಿದು ಬರುತ್ತಾರೆ. ಜಾಸ್ತಿಯಾದರೆ ಜನ ವಾಸನೆ ಅಂತ ಬೈಯುತ್ತಾರೆ, ಕಮ್ಮಿಯಾದರೆ ವಾಂತಿಭೇದಿ. ಅವರ ಪಕ್ಕ ನಿಂತು ಇದನ್ನು ಒಂದು ಸಲ ಮಾಡಿ ತೋರಿಸುವವರು ಬೇಕು, ಅಷ್ಟೇ.

ಮಿಲಿಟ್ರಿಯಿಂದ ಊರಿನ ಆರೋಗ್ಯದ ಕೆಲಸಕ್ಕೆ ಬರುವ ಈ ದಾರಿ ಹೊಸದೇನಲ್ಲ. ರೊನಾಲ್ಡ್ ರಾಸ್ ಇಂಡಿಯನ್ ಮೆಡಿಕಲ್ ಸರ್ವೀಸಿನ ಮಿಲಿಟರಿ ಡಾಕ್ಟರ್. 1883ರಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದಾಗ, ಬಂಗಲೆ ಹತ್ತಿರ ನಿಂತ ನೀರು ಚೆಲ್ಲಿದರೆ ಸೊಳ್ಳೆ ಕಮ್ಮಿಯಾಗುತ್ತೆ ಅಂತ ಗಮನಿಸಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡರು. 1899ರಲ್ಲಿ ಸರ್ವೀಸ್ ಬಿಟ್ಟು ಲಿವರ್‌ಪೂಲಿಗೆ ಪಾಠ ಹೇಳಲು ಹೋದರು, ಮೂರು ವರ್ಷಕ್ಕೆ ನೊಬೆಲ್ ಬಂತು. ನಮಗೆ ನೊಬೆಲ್ ಬರಲ್ಲ ಬಿಡಿ. ಸೂಟು ಹಾಕಿದ ಮೇಲೂ ಅವರು ಮಾಡಿದ್ದು ಅದೇ ಸೊಳ್ಳೆ ಕೆಲಸ, ಅಷ್ಟು ಹೇಳೋಣ ಅಂತ.

ಬದಲಾಗುವುದು ಮಾತಾಡುವ ರೀತಿ. ಯೂನಿಟ್‌ನಲ್ಲಿ ಡ್ರೈ ಡೇ, ಅಂದರೆ ನಿಂತ ನೀರೆಲ್ಲಾ ಚೆಲ್ಲಿ ಒಣಗಿಸುವ ದಿನ, ಅಂತ ಆರ್ಡರ್ ಆದರೆ ಮುಗೀತು, ಸಂಜೆಯೊಳಗೆ ಎಲ್ಲಾ ಡ್ರಮ್ಮು ಖಾಲಿ. ಇಲ್ಲಿ ಬಾಗಿಲು ತಟ್ಟಿ, ಅಮ್ಮಾ ತೊಟ್ಟಿ ನೋಡಬೇಕಿತ್ತು ಅಂದರೆ, "ನಲ್ಲಿ ನೀರು ವಾರಕ್ಕೊಂದು ಸಲ ಬರುತ್ತೆ, ಅದನ್ನೂ ಚೆಲ್ಲು ಅಂತೀರಾ?" ಅಂತ ಕೇಳುತ್ತಾರೆ. ಆಯಮ್ಮ ಹೇಳುವುದು ಸರಿಯೇ ಅಲ್ವಾ? ಅಲ್ಲಿ ಆರ್ಡರ್ ನಡೆಯಲ್ಲ. ಒಂದು ಬಿಳಿ ಮಗ್ಗಿನಲ್ಲಿ ನೀರು ತೆಗೆದು ಟಾರ್ಚ್ ಬಿಟ್ಟು ತೋರಿಸಬೇಕು. ಮರಿಗಳು ತಲೆ ಕೆಳಗೆ ಮಾಡಿ ನೇತಾಡುತ್ತಿರುತ್ತವೆ, ಮೇಲೆ ನೆರಳು ಬಿದ್ದರೆ ಸರ್ರನೆ ತಳಕ್ಕೆ ಇಳಿಯುತ್ತವೆ. ಅದನ್ನು ಕಣ್ಣಾರೆ ಕಂಡ ಮೇಲೆ, ಹೊಸ ನೀರು ಬರುವ ದಿನ ಡ್ರಮ್ಮು ತಿಕ್ಕಿ ತೊಳೆಯಿರಿ, ಬಟ್ಟೆ ಕಟ್ಟಿ ಮುಚ್ಚಿ ಅಂದರೆ ಕೇಳುತ್ತಾರೆ. 2024ರಲ್ಲಿ ಡೆಂಗಿ ಜಾಸ್ತಿಯಾದಾಗ ಸರ್ಕಾರ, ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ದಂಡ ಅಂತ ನಿಯಮ ಮಾಡಿತು. ನನ್ನ ಕೇಳಿದರೆ ದಂಡದ ರಸೀದಿಗಿಂತ ಆ ಮಗ್ಗೇ ಮೇಲು.

ಇನ್ನು ಕಾಗದದ ವಿಚಾರ. ಸರ್ಕಾರಿ ಆರೋಗ್ಯ ನಿರೀಕ್ಷಕರ ಹುದ್ದೆಗೆ ಹೋದರೆ ಮೊದಲು ಕೇಳುವುದು ಡಿಪ್ಲೊಮಾ, ಅನುಭವ ಆಮೇಲೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲು ಇದೆ, ಸರ್ವೀಸಿನ ವರ್ಷಗಳನ್ನು ವಯಸ್ಸಿನಿಂದ ಕಳೆಯುತ್ತಾರೆ. ಎಸ್ಸೆಸ್ಸೆಲ್ಸಿ ಆದವರಿಗೆ 15 ವರ್ಷದ ಸರ್ವೀಸ್ ಇದ್ದರೆ ಡಿಗ್ರಿಗೆ ಸಮ ಅಂತಲೂ ಇದೆ, ಆದರೆ ತಾಂತ್ರಿಕ ಅರ್ಹತೆ ಬೇಡದ ಹುದ್ದೆಗಳಿಗೆ ಮಾತ್ರ. ಎಷ್ಟೋ ಜನ ಎಡವುವುದು ಇಲ್ಲೇ.

ಖಾಸಗಿಯಲ್ಲಿ ದಾರಿ ಇನ್ನೂ ಇವೆ. ಆಸ್ಪತ್ರೆಯ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಅಂತ ಬೇರ್ಪಡಿಸಬೇಕು ಅನ್ನೋದು 2016ರ ನಿಯಮ, ಅದನ್ನು ದಿನಾ ನಿಂತು ನೋಡುವವರು ಬೇಕು. ಫ್ಯಾಕ್ಟರಿ ಕ್ಯಾಂಟೀನು, ಹಾಸ್ಟೆಲ್ ಅಡುಗೆಮನೆ, ದೊಡ್ಡ ಅಪಾರ್ಟ್‌ಮೆಂಟಿನ ನೀರಿನ ವ್ಯವಸ್ಥೆ, ಇಲ್ಲೆಲ್ಲಾ ನಮ್ಮ ಕೆಲಸ ಇದೆ. ಅರ್ಜಿಯಲ್ಲಿ ಸುಮ್ನೆ ರ‍್ಯಾಂಕು, ಟ್ರೇಡು ಬರೆದು ಕಳಿಸಬೇಡಿ, ಅವರಿಗೆ ಅದು ಅರ್ಥವಾಗಲ್ಲ. ಎಷ್ಟು ಜನರ ನೀರು ನೋಡಿಕೊಂಡಿರಿ, ಎಷ್ಟು ಅಡುಗೆಮನೆ ತಪಾಸಣೆ ಮಾಡಿದಿರಿ ಅಂತ ಬರೆಯಿರಿ.

ಈಗ ಸರ್ವೀಸಿನಲ್ಲಿರುವ ತಮ್ಮಂದಿರಿಗೆ ಒಂದು ಮಾತು. ಮುಂದಿನ ರಜೆಗೆ ಬಂದಾಗ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಗೆ ಒಂದು ಸಲ ಹೋಗಿ ವಿಚಾರಿಸಿ. ಮಾಡಿದ ಕೋರ್ಸುಗಳೆಲ್ಲಾ ಡಿಸ್ಚಾರ್ಜ್ ಬುಕ್ಕಿನಲ್ಲಿ ಸರಿಯಾಗಿ ಬಂದಿವೆಯಾ ಅಂತ ಯೂನಿಟ್ ಬಿಡುವ ಮುಂಚೆಯೇ ನೋಡಿಕೊಳ್ಳಿ. ನಮ್ಮ ರೆಕಾರ್ಡ್ ಆಫೀಸು ಇರುವುದು ಲಖನೌದಲ್ಲಿ, ಹಳ್ಳಿಯಲ್ಲಿ ಕೂತು ಅಲ್ಲಿಗೆ ಪತ್ರ ಬರೆದು ಒಂದು ಸಾಲು ತಿದ್ದಿಸುವುದು ಸಣ್ಣ ಕೆಲಸ ಅಲ್ಲ. ನಮಸ್ಕಾರ.