ಫ್ಲೆಕ್ಸ್ ಬಿಟ್ಟು ಪರದೆ ಹಿಡಿದ ಕತೆ

ಬೆಳಿಗ್ಗೆ ಏಳೂವರೆ. ಶಿವರಾತ್ರಿ ಕಳೆಯುವ ತನಕ ತಿಪಟೂರಿನ ಬೆಳಗಿನ ಚಳಿ ಬಿಡುವುದಿಲ್ಲ. ಶಟರ್ ಎತ್ತಿ, ದೇವರಿಗೆ ಒಂದು ಊದುಬತ್ತಿ ಹಚ್ಚಿ, ಮೊದಲು ಮಾಡುವ ಕೆಲಸ ಇದು. ನಾಜಲ್ ಚೆಕ್. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ಪೇಪರ್ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಬಂದಿವೆ. ಒಂದೊಂದು ಗೆರೆಯೂ ಪ್ರಿಂಟ್ ಹೆಡ್ಡಿನ ಒಂದೊಂದು ತೂತಿನದು. ನೀಲಿಯಲ್ಲಿ ಎಡಗಡೆ ಎರಡು ಗೆರೆ ಬಂದೇ ಇಲ್ಲ, ಕಂಡಿತಾ? ಹೀಗೇ ಪ್ರಿಂಟ್ ಕೊಟ್ಟರೆ ಅಡ್ಡಡ್ಡ ಗೀಟು ಬೀಳುತ್ತದೆ. ಗಿಡ ಮರ ಇರುವ ಕಡೆ ಅದು ಮುಚ್ಚಿ ಹೋಗುತ್ತದೆ. ಬರೀ ಆಕಾಶದಲ್ಲಿ ಮಾತ್ರ ಎದ್ದು ಕಾಣುತ್ತದೆ. ನಾವು ಮಾಡುವುದು ನಾಟಕದ ಪರದೆ, ಇವತ್ತು ಹಾಕಬೇಕಿರುವುದು ಕಾಡಿನ ಸೀನಿನ ಆಕಾಶವನ್ನೇ.

ಕ್ಲೀನಿಂಗ್‌ಗೆ ಬಿಟ್ಟಿದ್ದೇನೆ. ಅದು ಮುಗಿಯುವಷ್ಟರಲ್ಲಿ ಈ ಅಂಗಡಿ ಹೇಗೆ ಇಲ್ಲಿಗೆ ಬಂದು ನಿಂತಿತು ಅಂತ ಹೇಳುತ್ತೇನೆ. ಹೊಸದಾಗಿ ಮಷಿನ್ ತೆಗೆದುಕೊಳ್ಳುವ ಯೋಚನೆಯಲ್ಲಿರುವ ತುಂಬಾ ಜನ ನನ್ನನ್ನು ಕೇಳುತ್ತಿರುತ್ತಾರೆ, ಅವರಿಗೋಸ್ಕರ ಈ ವಿಡಿಯೋ.

ಇದು ಅಪ್ಪನ ಕಾಲದ ಪ್ರೆಸ್. ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್ ಇತ್ತು. ಅಚ್ಚುಮೊಳೆ ಜೋಡಿಸಿ ಲಗ್ನಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ನಾಟಕದ ಹ್ಯಾಂಡ್‌ಬಿಲ್ಲು ಹೊಡೆಯುತ್ತಿದ್ದರು. 2011ರಲ್ಲಿ ನಾನು ಅದೇ ಜಾಗಕ್ಕೆ 10 ಅಡಿಯ ಫ್ಲೆಕ್ಸ್ ಮಷಿನ್ ತಂದೆ. ದೊಡ್ಡ ಊರಿನವರು ಇದನ್ನೇ ಲಾರ್ಜ್ ಫಾರ್ಮ್ಯಾಟ್ ಪ್ರಿಂಟರ್ ಅನ್ನುತ್ತಾರೆ. ನಮ್ಮಲ್ಲಿ ಯಾವ ಮಷಿನ್ ಬಂದರೂ ಅದು ಫ್ಲೆಕ್ಸ್ ಮಷಿನ್ನೇ.

ಮೊದಲ ಎರಡು ವರ್ಷ ಕೈ ತುಂಬಾ ಕೆಲಸ. ಹುಟ್ಟುಹಬ್ಬ, ಜಾತ್ರೆ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲೆಕ್ಷನ್. ಆಮೇಲೆ ಅದೇ ರಸ್ತೆಯಲ್ಲಿ ಇನ್ನೊಂದು ಮಷಿನ್ ಬಂತು. ಬಸ್ ಸ್ಟ್ಯಾಂಡ್ ಹತ್ತಿರ ಮತ್ತೊಂದು. ಎಲ್ಲರದೂ ಅದೇ ಅಗಲ, ಅದೇ ಇಂಕು, ಅದೇ ಫ್ಲೆಕ್ಸ್ ರೋಲು. ಕಂಬಕ್ಕೆ ಕಟ್ಟಿದ ಮೇಲೆ ಯಾರ ಅಂಗಡಿಯದು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಹಾಗಿದ್ದಾಗ ಗಿರಾಕಿ ಕೇಳುವುದು ಒಂದೇ ಮಾತು: "ಚದರ ಅಡಿಗೆ ಎಷ್ಟು ಹಾಕ್ತೀರಿ?" ಪಕ್ಕದವರು ಒಂದು ರೂಪಾಯಿ ಇಳಿಸಿದರೆ ನಾನೂ ಇಳಿಸಬೇಕು. ರಾತ್ರಿ ಒಂದು ಗಂಟೆವರೆಗೆ ಮಷಿನ್ ಓಡುತ್ತಿತ್ತು, ತಿಂಗಳ ಕೊನೆಗೆ ಗಲ್ಲಾ ಖಾಲಿ.

ಅದರ ಮೇಲೆ 2016ರಲ್ಲಿ ರಾಜ್ಯ ಸರ್ಕಾರದ ಪ್ಲಾಸ್ಟಿಕ್ ನಿಷೇಧ ಬಂತು. ಕೈಚೀಲ, ಲೋಟ, ತಟ್ಟೆಗಳ ಜೊತೆ ಫ್ಲೆಕ್ಸ್, ಬ್ಯಾನರ್ ಕೂಡ ಆ ಪಟ್ಟಿಯಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅಕ್ರಮ ಫ್ಲೆಕ್ಸ್‌ಗಳನ್ನೆಲ್ಲ ತೆಗೆಸಿ ಅಂತ ಹೈಕೋರ್ಟ್ ಗಟ್ಟಿಯಾಗಿ ಹೇಳಿತು. ಇಡೀ ಊರೇ ಒಂದೇ ವಾರದಲ್ಲಿ ಬೇರೆ ಥರ ಕಂಡಿತು, ಟಿವಿಯಲ್ಲಿ ನೋಡಿದ್ದೀರಿ ಅಲ್ವಾ? ಅವತ್ತು ನನಗೆ ಬೇಜಾರಾಗಲಿಲ್ಲ. ಮೂರು ದಿನ ಕಂಬದಲ್ಲಿದ್ದು ನಾಲ್ಕನೇ ದಿನ ಚರಂಡಿಗೆ ಬೀಳುವ ವಸ್ತುವನ್ನು ಎಷ್ಟು ದಿನ ಮಾಡುವುದು ಅನ್ನೋ ಪ್ರಶ್ನೆ ನನ್ನೊಳಗೂ ಇತ್ತು.

ಆ ವರ್ಷವೇ ಒಂದು ಹಳ್ಳಿಯ ನಾಟಕದವರು ಬಂದರು. ದರ್ಬಾರ್ ಸೀನ್ ಬೇಕು, 20 ಅಡಿ ಅಗಲ, 12 ಅಡಿ ಎತ್ತರ, ಫ್ಲೆಕ್ಸಲ್ಲೇ ಹಾಕಿಕೊಡಿ ಅಂದರು. ಹಾಕಿಕೊಟ್ಟೆ. ಖುಷಿಯಿಂದ ನಾಟಕ ನೋಡೋಕೂ ಹೋದೆ. ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು. ನಮ್ಮದೇ ಜಿಲ್ಲೆಯ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕಾಲದಲ್ಲಿ ಸ್ಟೇಜಿಗೆ ನಿಜವಾದ ಆನೆ, ಕುದುರೆ ಬರುತ್ತಿದ್ದವಂತೆ ಅಂತ ನಮ್ಮ ತಾತ ಕಣ್ಣರಳಿಸಿ ಹೇಳುತ್ತಿದ್ದರು. ಇವತ್ತಿಗೂ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಸ್ವಂತ ದುಡ್ಡು ಹಾಕಿ, ಬೆಳಗಾಗುವ ತನಕ ಆಡುತ್ತಾರೆ. ಅಂಥ ಜನರ ಹಿಂದೆ ನನ್ನ ಪರದೆ ನಿಂತಿತ್ತು.

ಫೋಕಸ್ ಲೈಟ್ ಬಿದ್ದ ಕೂಡಲೇ ಸಿಂಹಾಸನ ಮಾಯ. ಫ್ಲೆಕ್ಸ್ ಹೊಳೆಯುತ್ತದೆ, ಬೆಳಕನ್ನು ವಾಪಸ್ ಎಸೆಯುತ್ತದೆ. ಸಿಂಹಾಸನ ಇದ್ದ ಜಾಗದಲ್ಲಿ ಒಂದು ಬಿಳಿ ಪಟ್ಟೆ. ಮಡಿಚಿ ತಂದಿದ್ದರಿಂದ ಅರಮನೆಯ ಮೇಲೆಲ್ಲ ಚೌಕ ಚೌಕ ಮಡಿಕೆ. ನಡುರಾತ್ರಿ ಗಾಳಿ ಎದ್ದಾಗ ಪಟಪಟ ಅಂತ ಶುರುವಾದ ಸದ್ದು ಮೈಕಿಗೂ ಹೋಯಿತು. ಕಂದಪದ್ಯ ಹಾಡುತ್ತಿದ್ದವರು ಒಂದು ಕ್ಷಣ ತಡವರಿಸಿ ಹಿಂದೆ ತಿರುಗಿ ನೋಡಿದರು. ನಾಟಕ ಮುಗಿದ ಮೇಲೆ ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟು, "ಪಾತ್ರದೋರಿಗಿಂತ ನಿನ್ ಪರದೇನೇ ಜಾಸ್ತಿ ಮಾತಾಡ್ತು ಕಣಪ್ಪ" ಅಂದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ನನಗೆ ದಾರಿ ಕಂಡಿದ್ದು ಅವತ್ತೇ. ಬಟ್ಟೆ ಹೊಳೆಯುವುದಿಲ್ಲ, ಸದ್ದು ಮಾಡುವುದಿಲ್ಲ. ತೂಕ ಲೆಕ್ಕ ಹಾಕಿ ನೋಡಿ. ಅದೇ 20ಕ್ಕೆ 12 ಅಡಿ ಫ್ಲೆಕ್ಸಿನಲ್ಲಿ 6 ಕಿಲೋ ದಾಟುತ್ತದೆ, ನಾವು ಬಳಸುವ ಪಾಲಿಯೆಸ್ಟರ್ ಬಟ್ಟೆಯಲ್ಲಿ 3 ಕಿಲೋ ಒಳಗೆ. ಒಬ್ಬನೇ ಬಿದಿರಿಗೆ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹೋಗಬಹುದು.

2019ರ ಕೊನೆಯಲ್ಲಿ ಮುದ್ರಾ ಸಾಲ ತೆಗೆದುಕೊಂಡು ಈ 6 ಅಡಿಯ ಸಬ್ಲಿಮೇಷನ್ ಪ್ರಿಂಟರ್ ತಂದೆ. ಜೊತೆಗೆ ಸೆಕೆಂಡ್ ಹ್ಯಾಂಡ್ ರೋಟರಿ ಹೀಟ್ ಪ್ರೆಸ್. ಇದರ ಕೆಲಸ ನೋಡೋಕೇ ಚೆಂದ. ಮೊದಲು ಚಿತ್ರ ಪೇಪರ್ ಮೇಲೆ ಬರುತ್ತದೆ, ಎಡ ಬಲ ತಿರುವುಮುರುವಾಗಿ. ಬಣ್ಣ ಎಷ್ಟು ಮಂಕಾಗಿದೆ ನೋಡಿ, ಬೂದಿ ಎರಚಿದ ಹಾಗೆ. ಮೊದಲ ಸಲ ನೋಡಿದಾಗ ಮಷಿನ್ ಕೆಟ್ಟಿದೆ ಅಂದುಕೊಂಡಿದ್ದೆ. ಈ ಪೇಪರನ್ನೂ ಬಟ್ಟೆಯನ್ನೂ ಒಟ್ಟಿಗೆ ಸುಮಾರು 200 ಡಿಗ್ರಿ ಬಿಸಿಯ ಡ್ರಮ್ಮಿನ ಮೇಲೆ ಹಾಯಿಸಬೇಕು. ಆ ಶಾಖಕ್ಕೆ ಇಂಕು ಆವಿಯಾಗಿ ನೂಲಿನ ಒಳಗೇ ಇಳಿಯುತ್ತದೆ. ಈಗ ಪೇಪರ್ ಎಬ್ಬಿಸುತ್ತೇನೆ. ಅದೇ ಬೂದು ಬಣ್ಣ ಬಟ್ಟೆಯ ಮೇಲೆ ಕುಂಕುಮದ ಕೆಂಪಾಗಿದೆ. ಕೈಯಾಡಿಸಿದರೆ ಬಣ್ಣ ಇರುವುದೇ ಗೊತ್ತಾಗುವುದಿಲ್ಲ, ಬರೀ ಬಟ್ಟೆ. ಮಡಿಚಿದರೂ ಬಿರುಕು ಬಿಡುವುದಿಲ್ಲ, ಒಗೆಯಬಹುದು. ಹತ್ತಿ ಬಟ್ಟೆಗೆ ಮಾತ್ರ ಇದು ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕಿನ ನೂಲೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾವು ಮೊದಲ ವರ್ಷ ಮಾಡಿಕೊಟ್ಟ ಪರದೆಗಳು ಇವತ್ತಿಗೂ ಊರೂರು ತಿರುಗುತ್ತಿವೆ.

ಮಷಿನ್ ಬಂದ ಮೂರೇ ತಿಂಗಳಿಗೆ ಲಾಕ್‌ಡೌನ್. ಜಾತ್ರೆ ಇಲ್ಲ, ನಾಟಕ ಇಲ್ಲ. ಕಂತಿಗೆ ಆರು ತಿಂಗಳು ವಿರಾಮ ಸಿಕ್ಕಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಆಗ ನನ್ನನ್ನು ಉಳಿಸಿದ್ದು ನಾನು ಬಿಡಬೇಕು ಅಂದುಕೊಂಡಿದ್ದ ಹಳೇ ಫ್ಲೆಕ್ಸ್ ಮಷಿನ್. ಅಂಗಡಿಗಳ ಮುಂದೆ "ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ" ಬೋರ್ಡು ಹಾಕಿಯೇ ಊಟ ಮಾಡಿದ್ದು. ಅದಕ್ಕೇ ಹೇಳುತ್ತೇನೆ, ಒಂದೇ ಕೆಲಸ ಹಿಡಿಯಿರಿ, ಆದರೆ ಹಳೇ ಮಷಿನ್ ಮಾರೋಕೆ ಆತುರ ಬೇಡ. ನಾನು ಅದನ್ನು ಮಾರಿದ್ದು 2023ರಲ್ಲಿ, ಎರಡು ಸೀಸನ್ ಪೂರ್ತಿ ಪರದೆ ಕೆಲಸದಲ್ಲೇ ನಡೆದ ಮೇಲೆ.

ಈಗ ಕೆಲಸದ ಒಳಗಿನ ವಿಷಯ. ನಮ್ಮ ಬಟ್ಟೆಯ ಅಗಲ 63 ಇಂಚು. ಅಂದರೆ 20 ಅಡಿಯ ಪರದೆಗೆ 5 ಅಡಿಯ ನಾಲ್ಕು ಪಟ್ಟಿ, ಹೊಲಿಗೆಗೆ ಎರಡೂ ಕಡೆ ಒಂದೊಂದು ಇಂಚು. ನನ್ನ ಮೊದಲ ಪರದೆ ಹಾಳಾಗಿದ್ದು ಈ ಹೊಲಿಗೆಯಲ್ಲೇ. ಎರಡು ಪಟ್ಟಿ ಒಂದು ರೋಲಿನದು, ಇನ್ನೆರಡು ಬೇರೆ ರೋಲಿನದು. ಬಿಸಿಗೆ ಪಾಲಿಯೆಸ್ಟರ್ ಸ್ವಲ್ಪ ಕುಗ್ಗುತ್ತದೆ, ಒಂದೊಂದು ರೋಲು ಒಂದೊಂದು ಥರ. ಜೋಡಿಸೋಕೆ ಕೂತರೆ ಒಂದು ಪಟ್ಟಿಯ ಕಮಾನು ಇನ್ನೊಂದಕ್ಕಿಂತ ಒಂದಿಂಚು ಕೆಳಗೆ. ನಮ್ಮ ಟೈಲರ್ ಅಕ್ಕ ಸೂಜಿ ಕೆಳಗಿಟ್ಟು, "ಅಣ್ಣಾ, ಇದನ್ನ ಎಳೆದು ಹೊಲಿದ್ರೆ ಅರಮನೆ ವಾಲುತ್ತೆ" ಅಂದರು. ಪೂರಾ ಮತ್ತೆ ಹಾಕಿದೆವು. ಅವತ್ತಿನಿಂದ ಒಂದು ಪರದೆಗೆ ಒಂದೇ ರೋಲು. ಹೊಸ ರೋಲು ಬಂದರೆ ಮೊದಲು 10 ಅಡಿಯ ತುಂಡು ಪ್ರೆಸ್ ಮಾಡಿ, ಟೇಪ್ ಹಿಡಿದು ಅಳೆದು, ಎಷ್ಟು ಕುಗ್ಗಿತೋ ಅಷ್ಟನ್ನು ಕಂಪ್ಯೂಟರಿನಲ್ಲಿ ಮೊದಲೇ ಸೇರಿಸುತ್ತೇವೆ.

ಇನ್ನೊಂದು ಇದೆ. ಪ್ರಿಂಟರಿನ ಎಡಗಡೆ ಬರುವ ನೀಲಿಗೂ ಬಲಗಡೆ ಬರುವ ನೀಲಿಗೂ ಕೂದಲೆಳೆ ವ್ಯತ್ಯಾಸ ಇರುತ್ತದೆ. ಒಂದೇ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಂದರ ಬಲ ಅಂಚು ಇನ್ನೊಂದರ ಎಡ ಅಂಚಿಗೆ ಕೂಡಿದಾಗ ಮಾತ್ರ ಆಕಾಶದ ನಡುವೆ ನೇರ ಗೆರೆ ಎಳೆದ ಹಾಗೆ ಕಾಣುತ್ತದೆ. ಅದಕ್ಕೆ ಎರಡನೇ ಪಟ್ಟಿಯನ್ನೂ ನಾಲ್ಕನೇ ಪಟ್ಟಿಯನ್ನೂ ತಲೆಕೆಳಗು ಮಾಡಿ ಪ್ರಿಂಟ್ ಕೊಡಬೇಕು. ಆಗ ಕೂಡುವ ಎರಡೂ ಅಂಚು ಮಷಿನ್ನಿನ ಒಂದೇ ಕಡೆಯಿಂದ ಬಂದಿರುತ್ತವೆ. ಇಷ್ಟು ಸಣ್ಣ ಉಪಾಯ, ಆದರೆ ದಿನಾ ಹತ್ತು ಥರದ ಕೆಲಸ ಮಾಡುತ್ತಿದ್ದಾಗ ನನಗೆ ಇದು ಹೊಳೆದೇ ಇರಲಿಲ್ಲ. ಒಂದೇ ಕೆಲಸವನ್ನು ನೂರು ಸಲ ಮಾಡಿದಾಗ ಸಿಕ್ಕಿದ್ದು.

ಇಂಕಿನ ಕತೆಯೂ ಹಾಗೇ. ಇದು ನೀರಿನ ಇಂಕು, ಬೇಸಿಗೆಯಲ್ಲಿ ಗಾಳಿ ಒಣಗಿದರೆ ಹೆಡ್ಡಿನಲ್ಲೇ ಒಣಗಿ ಕೂರುತ್ತದೆ. ಕೆಲಸ ಇಲ್ಲದ ದಿನವೂ ಬಂದು ಒಂದು ಪ್ರಿಂಟ್ ತೆಗೆಯಲೇಬೇಕು. ಹಸುವಿನ ಹಾಲು ಕರೆದ ಹಾಗೆ, ತಪ್ಪಿಸುವ ಹಾಗಿಲ್ಲ.

ಬಣ್ಣದ ವಿಷಯದಲ್ಲಿ ಪ್ರಿಂಟಿಂಗ್‌ನವರು ಗಮನ ಕೊಡದ ಒಂದು ಸಂಗತಿ ಇದೆ. ಪರದೆಯನ್ನು ಯಾರೂ ಟ್ಯೂಬ್‌ಲೈಟ್ ಕೆಳಗೆ ನೋಡುವುದಿಲ್ಲ. ಯುದ್ಧದ ಸೀನಿಗೆ ಕೆಂಪು ಲೈಟ್ ಬಿಟ್ಟರೆ ನೀಲಿ ಆಕಾಶ ಹೆಚ್ಚುಕಮ್ಮಿ ಕಪ್ಪಾಗುತ್ತದೆ. ಅದಕ್ಕೆ ಎರಡಡಿಯ ಸ್ಯಾಂಪಲ್ ತುಂಡು ತೆಗೆದುಕೊಂಡು ಹೋಗಿ, ಅವರ ಲೈಟಿನಲ್ಲೇ ತೋರಿಸಿ, ಆಮೇಲೆ ಪೂರ್ತಿ ಹಾಕುತ್ತೇನೆ.

ಇನ್ನು ಚಿತ್ರ. ಮೊದಮೊದಲು ಇಂಟರ್‌ನೆಟ್ಟಿನಿಂದ ಯಾವುದೋ ಅರಮನೆ ತೆಗೆದು ಹಿಗ್ಗಿಸುತ್ತಿದ್ದೆ. ಅದು ತಪ್ಪು ಅಂತ ತೋರಿಸಿಕೊಟ್ಟಿದ್ದು ನಮ್ಮ ಪೇಂಟರ್ ತಾತ. ನಲವತ್ತು ವರ್ಷ ನಾಟಕದ ಪರದೆ ಬರೆದವರು. ಮಂಡಿ ನೋವು, ಈಗ ಏಣಿ ಹತ್ತೋಕೆ ಆಗುವುದಿಲ್ಲ. ನನ್ನ ಮಷಿನ್ ಇಂಥವರ ಅನ್ನ ಕಿತ್ತುಕೊಳ್ಳುತ್ತದೆ ಅನ್ನೋ ಅಳುಕು ನನಗಿತ್ತು. ಅವರ ಮನೆಗೆ ಹೋಗಿ ಕೇಳಿಕೊಂಡೆ. ಈಗ ಅವರು ಕೂತಲ್ಲೇ ನಾಲ್ಕು ಅಡಿ ಅಗಲದ ಹಲಗೆಯ ಮೇಲೆ ಬರೆಯುತ್ತಾರೆ. ಅದನ್ನು ತುಂಡು ತುಂಡಾಗಿ 25 ಫೋಟೋ ತೆಗೆದು ಜೋಡಿಸಿ ಐದು ಪಟ್ಟು ಹಿಗ್ಗಿಸುತ್ತೇವೆ. ಫೈಲ್ ತೆರೆದರೆ 24,000ಕ್ಕೆ 14,400, ಅಂದರೆ 34 ಕೋಟಿಗೂ ಜಾಸ್ತಿ ಪಿಕ್ಸೆಲ್. ಇಂಚಿಗೆ 100 ಚುಕ್ಕಿ ಬಂದರೆ ಪರದೆಗೆ ಸಾಕು, ಮೊದಲ ಸಾಲಿನವರೇ ಹದಿನೈದು ಅಡಿ ದೂರ ಕೂತಿರುತ್ತಾರೆ. ಪ್ರತಿ ಪರದೆಗೂ ತಾತನಿಗೆ ಪಾಲು ಹೋಗುತ್ತದೆ, ಅದೇ ಚಿತ್ರ ಹತ್ತನೇ ಸಲ ಪ್ರಿಂಟ್ ಆದರೂ ಸರಿ.

"ಹತ್ರ ನಿಂತೋನಿಗೆ ಚೆನ್ನಾಗಿ ಕಂಡ್ರೆ ಅದು ಪರದೆ ಅಲ್ಲಪ್ಪ, ಕ್ಯಾಲೆಂಡರು" ಅನ್ನುತ್ತಾರೆ ತಾತ. "ಕೊನೇಲಿ ಚಾಪೆ ಹಾಸ್ಕೊಂಡು ಕೂತಿರ್ತಾನಲ್ಲ, ಅವನಿಗೆ ಬರೀಬೇಕು." ಅವರ ಕಂಬಗಳ ಒಂದು ಕಡೆ ದಪ್ಪಗೆ ಬಿದ್ದ ಕಂದು ನೆರಳು ಹತ್ತಿರದಿಂದ ಒರಟು. ಐವತ್ತು ಅಡಿ ದೂರ ಹೋಗಿ ನಿಂತರೆ ಕಂಬ ದುಂಡಗಾಗುತ್ತದೆ.

ಈಗ ತುಮಕೂರು, ಹಾಸನ, ಮಂಡ್ಯ ಕಡೆಯ ಡ್ರಾಮಾ ಸೀನರಿಯವರು, ಅಂದರೆ ನಾಟಕಕ್ಕೆ ಪರದೆ, ಸ್ಟೇಜು ಬಾಡಿಗೆಗೆ ಕೊಡುವವರು, ನಮಗೇ ಫೋನ್ ಮಾಡುತ್ತಾರೆ. ಚದರ ಅಡಿಗೆ ಎಷ್ಟು ಅಂತ ಯಾರೂ ಶುರು ಮಾಡುವುದಿಲ್ಲ. "ಯಾವತ್ತು ಕೊಡ್ತೀರಿ?" ಅನ್ನುತ್ತಾರೆ. ಫ್ಲೆಕ್ಸ್ ಕೇಳಿಕೊಂಡು ಬಂದವರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕಳಿಸುತ್ತೇನೆ. ರೇಟಿಗೆ ಕಿತ್ತಾಡುತ್ತಿದ್ದ ಅದೇ ಅಂಗಡಿಯವರು ಇವತ್ತು ಪರದೆ ಕೆಲಸ ಬಂದರೆ ನನ್ನ ನಂಬರ್ ಕೊಡುತ್ತಾರೆ. ಬಂದ ಕೆಲಸ ಬಿಟ್ಟು ಕಳಿಸೋಕೆ ಮೊದಮೊದಲು ತುಂಬಾ ಕಷ್ಟ ಆಗುತ್ತಿತ್ತು. ಮಷಿನ್ ಕೊಂಡಿದ್ದಕ್ಕಿಂತ ದೊಡ್ಡ ಧೈರ್ಯ ಬೇಕಾಗಿದ್ದು ಅದಕ್ಕೇ.

ಇದು ಹೋದ ಶನಿವಾರ ರಾತ್ರಿಯ ವಿಡಿಯೋ. ಕತ್ತಲೆ ಇದೆ, ಕ್ಷಮಿಸಿ. ಎದುರಿಗಿರುವುದು ನಮ್ಮ ದರ್ಬಾರ್ ಸೀನ್. ಗಾಳಿ ಇದೆ, ಪರದೆ ಸುಮ್ನೆ ಉಸಿರಾಡಿದ ಹಾಗೆ ಹಿಂದೆ ಮುಂದೆ ಆಗುತ್ತಿದೆ, ಸದ್ದಿಲ್ಲ. ನಾನೂ ತಾತನೂ ಕೊನೆಯಲ್ಲಿ ಚಾಪೆ ಮೇಲೆ ಕೂತಿದ್ದೇವೆ. ನಮ್ಮ ಮುಂದಿದ್ದ ಒಂದು ಮಗು ಅದರ ಅಜ್ಜಿಯನ್ನು ಕೇಳುತ್ತಿದೆ, "ಆ ಕಂಬದ ಹಿಂದೆ ಯಾರಿದಾರೆ ಅಜ್ಜಿ?" ನಾನು ತಾತನ ಮುಖ ನೋಡಿದೆ, ಖುಷಿ ಆಗಿರಬಹುದು ಅಂತ. ಅವರು ಎಡಗಡೆಯ ಮೂರನೇ ಕಂಬವನ್ನೇ ದಿಟ್ಟಿಸುತ್ತಿದ್ದರು. "ನೆರಳು ಕಮ್ಮಿ ಆಗದೆ. ಚಪ್ಪಟೆ ಕಾಣ್ತದೆ. ಬರಕೊಡ್ತೀನಿ, ಬೇರೆ ಹಾಕು."

ಭಾನುವಾರವೇ ಬರೆದುಕೊಟ್ಟಿದ್ದಾರೆ. ಮೊದಲಾಗಿದ್ದರೆ ಇಡೀ ಪರದೆ ಇಳಿಸಿ ತಿಂಗಳು ಕೂರಬೇಕಿತ್ತು. ಈಗ 5 ಅಡಿಯ ಒಂದು ಪಟ್ಟಿ ಬಿಚ್ಚಿ ಹೊಲಿದರೆ ಆಯಿತು. ಅದೇ ರೋಲಿನ ಬಟ್ಟೆ ಇನ್ನೂ ಹದಿನೈದು ಅಡಿ ಎತ್ತಿಟ್ಟಿದ್ದೇನೆ.

ಕ್ಲೀನಿಂಗ್ ಮುಗಿಯಿತು, ನೋಡಿ. ನೀಲಿಯ ಎರಡೂ ಗೆರೆ ವಾಪಸ್ ಬಂದಿವೆ. ಮೊದಲು ಆಕಾಶ ಹಾಕುತ್ತೇನೆ, ಆಮೇಲೆ ತಾತನ ಕಂಬ.