ವಾರ್ಹಾಲ್‌ನ ಪೋಲರಾಯ್ಡ್‌ಗಳು: ಮುಖ ಉಳೀತು, ಹೆಸರು ಎಲ್ಲಿ ಹೋಯ್ತು?

ನಮಸ್ಕಾರ ಎಲ್ಲರಿಗೂ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಅಂದ್ರೆ ಸೂಪ್ ಡಬ್ಬಿ, ಮರ್ಲಿನ್ ಮನ್ರೋ, ಸುಮಾರು ಜನಕ್ಕೆ ಇಷ್ಟೇ ನೆನಪಾಗೋದು. ಆದ್ರೆ ಅವನ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಆಗೋದು, ಅಷ್ಟೇ ಸಿಟ್ಟೂ ಬರ್ಸೋದು 1975ರ ‘ಲೇಡೀಸ್ ಅಂಡ್ ಜೆಂಟಲ್‌ಮೆನ್’ ಅನ್ನೋ ಸೀರೀಸು. ನ್ಯೂಯಾರ್ಕಿನ ಡ್ರ್ಯಾಗ್ ಕ್ವೀನ್‌ಗಳು, ಅಂದ್ರೆ ಹೆಣ್ಣಿನ ವೇಷದಲ್ಲಿ ಮೆರೆಯೋ ಕಲಾವಿದರು, ಟ್ರಾನ್ಸ್ ಮಹಿಳೆಯರು, ಹೆಚ್ಚಿನವರು ಕಪ್ಪು ಜನ ಅಥವಾ ಲ್ಯಾಟಿನ್ ಅಮೆರಿಕ ಮೂಲದವರು, ಅವರ ಪೋರ್ಟ್ರೇಟ್‌ಗಳು. ಎಲ್ಲಾನೂ ಹುಟ್ಟಿದ್ದು ಪೋಲರಾಯ್ಡ್‌ನಿಂದ, ಅಂದ್ರೆ ತೆಗೆದ ಕೂಡ್ಲೇ ಕೈಗೆ ಸಿಗೋ ಫೋಟೋದಿಂದ.

ಸ್ಕ್ರೀನ್ ಮೇಲೆ: ಬಿಗ್ ಶಾಟ್ ಕ್ಯಾಮೆರಾ, ಹತ್ತಿರದಿಂದ.

ಮೊದಲು ಕ್ಯಾಮೆರಾ ನೋಡೋಣ, ಯಾಕಂದ್ರೆ ಅರ್ಧ ಕಥೆ ಇಲ್ಲೇ ಇದೆ. ಇದು ಪೋಲರಾಯ್ಡ್ ಕಂಪನಿಯ ಬಿಗ್ ಶಾಟ್, 1971ರಲ್ಲಿ ಬಂದಿದ್ದು, ಪ್ಲಾಸ್ಟಿಕ್ ಬಾಡಿ, ಉದ್ದ ಮೂತಿ, ಪೋರ್ಟ್ರೇಟ್ ತೆಗಿಯೋಕೆ ಅಂತಾನೇ ಮಾಡಿದ್ದು. ಇದರಲ್ಲಿ ಫೋಕಸ್ ಬದಲಾಯ್ಸೋಕೆ ಆಗಲ್ಲ, ಹೆಚ್ಚುಕಮ್ಮಿ ಒಂದು ಮೀಟರ್ ದೂರಕ್ಕೆ ಫಿಕ್ಸ್ ಆಗಿದೆ, ಹಾಗಾಗಿ ಫೋಟೋ ತೆಗಿಯೋನೇ ಹಿಂದೆ ಮುಂದೆ ಜರುಗಿ ಜರುಗಿ ಸರಿಯಾದ ಜಾಗ ಹುಡುಕ್ಬೇಕು. ಫ್ಲ್ಯಾಶ್ ಹೊಡೀತು ಅಂದ್ರೆ ಮುಖದ ಸುಕ್ಕು, ಸಣ್ಣ ನೆರಳು ಎಲ್ಲಾ ಅಳಿಸಿ ಹೋಗಿ ಕಣ್ಣು, ತುಟಿ, ಕೂದಲಿನ ಅಂಚು ಎದ್ದು ಕಾಣ್ತಿತ್ತು. ಸ್ಕ್ರೀನ್ ಪ್ರಿಂಟ್ ಮಾಡೋನಿಗೆ, ಅಂದ್ರೆ ಜಾಲರಿ ಬಟ್ಟೆ ಮೂಲಕ ಬಣ್ಣ ಒತ್ತಿ ಚಿತ್ರ ಮೂಡಿಸೋ ವಾರ್ಹಾಲ್‌ಗೆ, ಬೇಕಾಗಿದ್ದೂ ಅದೇ. ಫಿಲ್ಮ್ ಎಳೆದು ಒಂದು ನಿಮಿಷ ಕಾದು ಸಿಪ್ಪೆ ಬಿಡಿಸಿದ್ರೆ ಕಲರ್ ಫೋಟೋ ಕೈಯಲ್ಲಿ.

ಈಗ ಇನ್ನೊಂದು ವಿಷಯ ಯೋಚನೆ ಮಾಡಿ. ಮಾಮೂಲಿ ಫಿಲ್ಮ್ ರೋಲ್ ಆದ್ರೆ ಸ್ವಂತ ಡಾರ್ಕ್‌ರೂಮ್ ಇಲ್ಲದವರು ಲ್ಯಾಬ್‌ಗೆ ಕೊಡ್ಲೇಬೇಕು, ಅಲ್ಲಿ ಯಾರೋ ಗೊತ್ತಿಲ್ಲದವರು ನೋಡ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಸಲಿಂಗ ಸಂಬಂಧವನ್ನ ಅಪರಾಧ ಅಂತ ಹೇಳ್ತಿದ್ದ ಕಾನೂನನ್ನ ಕೋರ್ಟ್ ತೆಗೆದುಹಾಕಿದ್ದು 1980ರಲ್ಲಿ! ಅಂಥ ಕಾಲದಲ್ಲಿ ಮೂರನೆಯವರ ಕಣ್ಣಿಗೆ ಬೀಳದೆ ರೂಮೊಳಗೇ ತಯಾರಾಗೋ ಫೋಟೋ ಅಂದ್ರೆ ಗೇ, ಟ್ರಾನ್ಸ್ ಥರದ ಕ್ವೀರ್ ಜನಕ್ಕೆ ಎಷ್ಟು ದೊಡ್ಡ ಸ್ವಾತಂತ್ರ್ಯ ನೋಡಿ. 1977ರಲ್ಲಿ ವಾರ್ಹಾಲ್ ‘ಟಾರ್ಸೋಸ್’ ಅನ್ನೋ ಸೀರೀಸ್ ಮಾಡಿದಾಗ ಬೆತ್ತಲೆ ಗಂಡುಮೈಗಳ ರೆಫರೆನ್ಸ್ ಕೂಡ ಪೋಲರಾಯ್ಡೇ.

ಸರಿ, 1975ಕ್ಕೆ ಬರೋಣ. ಇಟಲಿಯ ಆರ್ಟ್ ಡೀಲರ್ ಲುಚಾನೋ ಆನ್ಸೆಲ್ಮಿನೋ ಡ್ರ್ಯಾಗ್ ಕ್ವೀನ್‌ಗಳ ಪೋರ್ಟ್ರೇಟ್ ಬೇಕು ಅಂತ ಆರ್ಡರ್ ಕೊಟ್ಟ. ವಾರ್ಹಾಲ್ ಜೊತೆ ಕೆಲಸ ಮಾಡ್ತಿದ್ದ ಬಾಬ್ ಕೊಲಾಸೆಲ್ಲೋ ಮತ್ತೆ ಅವನ ಜೊತೆಯವರು ಟೈಮ್ಸ್ ಸ್ಕ್ವೇರ್ ಹತ್ರ ಇದ್ದ ಗಿಲ್ಡೆಡ್ ಗ್ರೇಪ್ ಅನ್ನೋ ಬಾರ್‌ಗೆ ಹೋಗಿ, ನಮ್ಮ ಫ್ರೆಂಡ್ ಒಬ್ಬ ಇದಾನೆ, ಅರ್ಧ ಗಂಟೆ ಪೋಸ್ ಕೊಟ್ರೆ 50 ಡಾಲರ್ ಕೊಡ್ತಾನೆ ಅಂತ ಕರೀತಿದ್ರು. ವಾರ್ಹಾಲ್ ಹೆಸರು ಹೇಳ್ತಾನೇ ಇರ್ಲಿಲ್ಲ, ಇದನ್ನ ಕೊಲಾಸೆಲ್ಲೋನೇ ಆಮೇಲೆ ಬರ್ಕೊಂಡಿದಾನೆ. ಹೀಗೆ 14 ಜನ, 500ಕ್ಕೂ ಹೆಚ್ಚು ಪೋಲರಾಯ್ಡ್, ಅದರಿಂದ 268 ಪೇಂಟಿಂಗ್.

ಸ್ಕ್ರೀನ್ ಮೇಲೆ: ಪೋಲರಾಯ್ಡ್ ಒಂದು ಕಡೆ, ಅದರಿಂದ ಆದ ಪೇಂಟಿಂಗ್ ಪಕ್ಕದಲ್ಲಿ.

ಕೆಲಸ ಹೇಗೆ ನಡೀತಿತ್ತು ಅಂದ್ರೆ, ಆ ರಾಶಿಯಿಂದ ಒಂದನ್ನ ಆರಿಸಿ, ಅದನ್ನ ದೊಡ್ಡ ಫಿಲ್ಮ್ ಶೀಟ್ ಮೇಲೆ ಕಪ್ಪು ಬಿಳುಪಲ್ಲಿ ಹಿಗ್ಗಿಸಿ, ನಡುವಿನ ಬೂದು ಛಾಯೆ ಎಲ್ಲಾ ತೆಗೆದು, ಅದರ ಗೆರೆ ಕ್ಯಾನ್ವಾಸ್‌ಗೆ ಇಳಿಸಿ ಮೊದಲು ಬಣ್ಣ ಹಚ್ಚೋದು, ಆಮೇಲೆ ಮೇಲಿಂದ ಮುಖವನ್ನ ಸ್ಕ್ರೀನ್ ಪ್ರಿಂಟ್ ಮಾಡೋದು. ಈ ಸೀರೀಸ್‌ನಲ್ಲಿ ಬಣ್ಣ ತುಂಬಾ ದಪ್ಪ, ಎಷ್ಟೋ ಕಡೆ ಬೆರಳಲ್ಲೇ ಎಳೆದಿರೋ ಗುರುತು ಎದ್ದು ಕಾಣತ್ತೆ. ಹಸಿ ಬಣ್ಣದಲ್ಲಿ ಬೆರಳಾಡಿಸಿರೋ ಈ ಸಲುಗೆ ಅವನು ದುಡ್ಡಿರೋ ಗಿರಾಕಿಗಳಿಗೆ ಮಾಡ್ಕೊಟ್ಟ ನುಣುಪಾದ ಪೋರ್ಟ್ರೇಟ್‌ಗಳಲ್ಲಿ ನನಗಂತೂ ಕಾಣಲ್ಲ.

ಆದ್ರೆ ನನ್ನ ಮನಸ್ಸು ಯಾವಾಗ್ಲೂ ಪೋಲರಾಯ್ಡ್ ಕಡೆಗೇ ಹೋಗತ್ತೆ. ವಿಲ್ಹೆಲ್ಮಿನಾ ರಾಸ್‌ದು ನೋಡಿ, ಸೀರೀಸ್‌ನಲ್ಲಿ ಅತಿ ಹೆಚ್ಚು ಪೇಂಟಿಂಗ್ ಆಗಿರೋದು ಇವರದ್ದೇ. ತಲೆ ಎತ್ತೋದು, ಭುಜ ತಿರುಗಿಸೋದು, ನಗೋದು, ಆ ಪೋಸ್‌ಗಳಲ್ಲಿ ಅವರದ್ದೇ ಲೆಕ್ಕಾಚಾರ ಇದೆ, ಕ್ಯಾಮೆರಾ ಎದುರು ತಾನು ಹೇಗೆ ಕಾಣ್ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪೇಂಟಿಂಗ್‌ನ ಅರ್ಧ ಶ್ರೇಯಸ್ಸು ಇವರಿಗೆ ಸೇರ್ಬೇಕು ಅಂತ ನಾನು ನಂಬ್ತೀನಿ.

ಈ 14 ಜನರಲ್ಲಿ ಮಾರ್ಷಾ ಪಿ. ಜಾನ್ಸನ್ ಕೂಡ ಇದ್ರು. 1969ರಲ್ಲಿ ನ್ಯೂಯಾರ್ಕಿನ ಗೇ ಬಾರ್ ಮೇಲಿನ ಪೊಲೀಸ್ ದಾಳಿ ವಿರುದ್ಧ ಎದ್ದ ಸ್ಟೋನ್‌ವಾಲ್ ದಂಗೆಯಲ್ಲಿದ್ದವರು, 1970ರಲ್ಲಿ ಸಿಲ್ವಿಯಾ ರಿವೇರಾ ಜೊತೆ ಸೇರಿ ಸ್ಟಾರ್ ಅನ್ನೋ ಸಂಘಟನೆ ಕಟ್ಟಿ ಮನೆಯಿಲ್ಲದ ಟ್ರಾನ್ಸ್ ಮಕ್ಕಳಿಗೆ ಆಸರೆ ಕೊಟ್ಟವರು. ಇಷ್ಟು ದೊಡ್ಡ ವ್ಯಕ್ತಿ, ಆದ್ರೆ 1975ರಲ್ಲಿ ಇಟಲಿಯ ಫೆರಾರಾದಲ್ಲಿ ಈ ಪೇಂಟಿಂಗ್‌ಗಳನ್ನ ಮೊದಲ ಸಲ ತೋರಿಸಿದಾಗ ಯಾರ ಹೆಸರೂ ಇರ್ಲಿಲ್ಲ. ಹದಿನಾಲ್ಕೂ ಜನಕ್ಕೆ ಒಂದೇ ಟೈಟಲ್, ‘ಲೇಡೀಸ್ ಅಂಡ್ ಜೆಂಟಲ್‌ಮೆನ್’. ಅವನೇ ಮಾಡಿದ ಬೇರೆ ಪೋರ್ಟ್ರೇಟ್‌ಗಳಲ್ಲಿ ಸಿನಿಮಾ ತಾರೆ ಲಿಜ್ ಟೇಲರ್‌ಗೆ ಹೆಸರಿದೆ, ಚೀನಾದ ಮಾವೋಗೆ ಹೆಸರಿದೆ, ಇವರಿಗೆ ಮಾತ್ರ ಇಲ್ಲ, ಇದು ಅನ್ಯಾಯ ಅಂತಾನೇ ನಾನು ಹೇಳೋದು. ವಾರ್ಹಾಲ್ ಸ್ವತಃ ಗೇ ಆಗಿದ್ದ ಅನ್ನೋದು ಈ ಅನ್ಯಾಯವನ್ನ ಕಮ್ಮಿ ಮಾಡಲ್ಲ.

ಎಷ್ಟೋ ವರ್ಷ ಆದ್ಮೇಲೆ ವಾರ್ಹಾಲ್ ಫೌಂಡೇಶನ್‌ನವರು ಹಳೇ ದಾಖಲೆ ಎಲ್ಲಾ ಕೆದಕಿ, ಒಬ್ಬರನ್ನ ಬಿಟ್ಟು ಉಳಿದವರೆಲ್ಲ ಯಾರು ಅಂತ ಪತ್ತೆ ಹಚ್ಚಿದ್ರು, 2020ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಶೋನಲ್ಲಿ ಈ ಸೀರೀಸ್‌ಗೆ ಒಂದು ರೂಮನ್ನೇ ಕೊಟ್ರು. ಇನ್ನು ಪೋಲರಾಯ್ಡ್‌ಗಳ ವಿಷಯಕ್ಕೆ ಬಂದ್ರೆ, 2007ರಿಂದ ಫೌಂಡೇಶನ್ ವಾರ್ಹಾಲ್‌ನ ಸಾವಿರಾರು ಫೋಟೋಗಳನ್ನ ಅಮೆರಿಕದ ಕಾಲೇಜು ಮ್ಯೂಸಿಯಂಗಳಿಗೆ ಹಂಚಿದೆ, ಅದರಲ್ಲಿ ಎಷ್ಟೋ ಮ್ಯೂಸಿಯಂಗಳು ಆನ್‌ಲೈನ್‌ನಲ್ಲೂ ಹಾಕಿವೆ. ಹುಡುಕುವಾಗ ವಾರ್ಹಾಲ್ ಹೆಸರಿನ ಜೊತೆ ವಿಲ್ಹೆಲ್ಮಿನಾ ರಾಸ್, ಮಾರ್ಷಾ ಪಿ. ಜಾನ್ಸನ್, ಇವರ ಜೊತೆಗಿದ್ದ ಇನ್ನೊಬ್ಬರು ಹೆಲೆನ್ ಮೊರಾಲೆಸ್ ಅಂತ ಟೈಪ್ ಮಾಡಿ, ಪೋಲರಾಯ್ಡ್ ಮೊದಲು ನೋಡಿ, ಆಮೇಲೆ ಪೇಂಟಿಂಗ್ ನೋಡಿ.